ನಿಯಮ ಎರಡು ಅರ್ಥ ಕೊಟ್ಟಾಗ ಗೇಮ್ ಮಾಸ್ಟರ್ ತೀರ್ಮಾನಿಸುವುದು ಹೇಗೆ?

ಪ್ರಶ್ನೆ: ನಾನು ವಿರಾಜಪೇಟೆಯ ಕಡೆಯವಳು. ಮಳೆಗೆ ಶಾಲೆಗಳಿಗೆ ರಜೆ ಕೊಟ್ಟ ದಿನಗಳಲ್ಲಿ ಅಜ್ಜನ ಮನೆಯಲ್ಲಿ ಸೇರುವ ನಾವು ಕೆಲವರು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕಥೆ ನಡೆಸಿ ಫಲವನ್ನು ದಾಳ ಉರುಳಿಸಿ ನಿರ್ಧರಿಸುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ಆಡುತ್ತೇವೆ. ಕಥೆ ನಡೆಸಿ ತೀರ್ಪು ಕೊಡುವ ಗೇಮ್ ಮಾಸ್ಟರ್ ನಾನೇ. ಕಕ್ಕಬ್ಬೆಯ ನಾಲ್ಕುನಾಡು ಅರಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮರದ ಮಾಳಿಗೆಯ ಅರಮನೆಯೊಂದನ್ನು ಕಥೆಗಾಗಿ ಕಟ್ಟಿದ್ದೆ. ಅದೃಶ್ಯ ಮಂತ್ರದ ಮರೆಯಲ್ಲಿ ಅದರೊಳಗೆ ಹೊಕ್ಕಿದ್ದ ಕಳ್ಳಿಯ ಪಾತ್ರವನ್ನು ಆಡುತ್ತಿದ್ದ ತಂಗಿ, ಕಾವಲುಗಾರನ ಕಾಲಬುಡಕ್ಕೆ ಎಣ್ಣೆ ಸುರಿದು ಬೆಂಕಿ ಹಚ್ಚುತ್ತೇನೆ ಎಂದಳು. ಮಂತ್ರ ಮುರಿಯುವುದಿಲ್ಲ ಎಂದು ನಾನು ನನ್ನ ಅಚ್ಚಿನ ಹಳೆಯ ಪುಸ್ತಕ ನೋಡಿ ಹೇಳಿದೆ. ಪುಸ್ತಕವನ್ನು ಬಾಯಿಪಾಠ ಮಾಡಿಕೊಂಡಿರುವ ದೊಡ್ಡಪ್ಪನ ಮಗ, ಅಂದರೆ ನಮ್ಮೆಲ್ಲರ ಅಣ್ಣ, ಮೊಬೈಲಿನಲ್ಲಿದ್ದ ಹೊಸ ಪುಸ್ತಕ ತೋರಿಸಿ ಮುರಿಯುತ್ತದೆ ಎಂದು ಪಟ್ಟು ಹಿಡಿದ. ಅರ್ಧ ಗಂಟೆ ವಾದ ನಡೆಯಿತು, ಚಿಕ್ಕವರು ಒಬ್ಬೊಬ್ಬರಾಗಿ ಎದ್ದು ಹೋದರು. ನಿಯಮ ಸ್ಪಷ್ಟವಿಲ್ಲದಾಗ ಯಾರ ಮಾತು ನಡೆಯಬೇಕು, ಹೇಗೆ ತೀರ್ಮಾನಿಸಬೇಕು?

ಉತ್ತರ: ನಿಮ್ಮ ನಿರ್ದಿಷ್ಟ ಪ್ರಸಂಗಕ್ಕೆ ಮೊದಲು ಉತ್ತರ ಹೇಳುತ್ತೇನೆ, ಏಕೆಂದರೆ ಮುಂದಿನ ಮಾತಿಗೆ ಬೇಕಾದ ಬಹುಪಾಲು ಸಾಮಗ್ರಿ ಅದರಲ್ಲೇ ಇದೆ. ಐದನೆಯ ಆವೃತ್ತಿಯ 2014ರ ಆಟಗಾರರ ಕೈಪಿಡಿಯ ಪ್ರಕಾರ, ಅದೃಶ್ಯರಾದವರು ದಾಳಿ ಮಾಡಿದರೆ ಅಥವಾ ಮಂತ್ರ ಪ್ರಯೋಗಿಸಿದರೆ ಅದೃಶ್ಯ ಮಂತ್ರ ಕೊನೆಗೊಳ್ಳುತ್ತದೆ. ಯಾವುದು ದಾಳಿ ಎಂಬ ಸಂದೇಹ ಬಂದರೆ, ದಾಳಿಗಾಗಿ ದಾಳ ಉರುಳಿಸುತ್ತಿದ್ದೀರಾ ಎಂದು ನೋಡಿಕೊಳ್ಳಿ ಎಂದು ಅದೇ ಪುಸ್ತಕದ ಯುದ್ಧದ ಅಧ್ಯಾಯ ಹೇಳುತ್ತದೆ. ನೆಲಕ್ಕೆ ಎಣ್ಣೆ ಸುರಿಯುವುದಕ್ಕಾಗಲಿ ಕಿಡಿ ತಾಗಿಸುವುದಕ್ಕಾಗಲಿ ಅಂಥ ದಾಳ ಬೇಕಿಲ್ಲವಾದ್ದರಿಂದ ಅಕ್ಷರಶಃ ನೋಡಿದರೆ ನೀವು ಹೇಳಿದ್ದು ಸರಿ. 2024ರ ಪರಿಷ್ಕೃತ ಕೈಪಿಡಿಯಲ್ಲಿ ಆ ಸಾಲು ಬದಲಾಗಿದೆ: ದಾಳಿಯ ದಾಳ ಉರುಳಿಸಿದರೆ, ಹಾನಿ ಮಾಡಿದರೆ, ಅಥವಾ ಮಂತ್ರ ಪ್ರಯೋಗಿಸಿದರೆ, ಆ ಕೂಡಲೇ ಅದೃಶ್ಯತೆ ಹೋಗುತ್ತದೆ. ಈ ಪಾಠದಲ್ಲಿ ನಿಮ್ಮ ಅಣ್ಣನವರ ವಾದಕ್ಕೆ ಬಲವಿದೆ. ಹೀಗೆ ನಿಮ್ಮಿಬ್ಬರ ಮಾತೂ ಆಯಾ ಪುಸ್ತಕದ ಮಟ್ಟಿಗೆ ಸರಿಯಾಗಿಯೇ ಇತ್ತು. ಯಾವ ಪುಸ್ತಕದ ಮೇಲೆ ಆಟ ನಡೆಯುತ್ತದೆ ಎಂಬುದನ್ನು ಮೊದಲ ದಿನವೇ ಎಲ್ಲರೆದುರು ಹೇಳಿಬಿಟ್ಟರೆ ಈ ಬಗೆಯ ವಾದಗಳಲ್ಲಿ ಒಂದು ದೊಡ್ಡ ಪಾಲು ಹುಟ್ಟುವುದೇ ಇಲ್ಲ.

ಆದರೆ ಹೊಸ ಪಾಠವನ್ನು ಒಪ್ಪಿಕೊಂಡರೂ ಪ್ರಶ್ನೆ ಪೂರ್ತಿ ತೀರುವುದಿಲ್ಲ. ಕಾವಲುಗಾರನಿಗೆ ಹಾನಿ ಮಾಡಿದ್ದು ಕಳ್ಳಿಯೋ, ಆಕೆ ಹಚ್ಚಿದ ಬೆಂಕಿಯೋ? ಇಲ್ಲಿ ಎಣ್ಣೆಯ ನಿಯಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 2014ರ ಕೈಪಿಡಿಯಂತೆ ಒಂದು ಕುಪ್ಪಿ ಎಣ್ಣೆ ಸಮತಟ್ಟಾದ ನೆಲದ ಮೇಲೆ 5 ಅಡಿ ಚೌಕದಷ್ಟು ಜಾಗವನ್ನು ಆವರಿಸುತ್ತದೆ. ಹಚ್ಚಿದರೆ ಎರಡು ಸುತ್ತುಗಳ ಕಾಲ (ಎಲ್ಲರಿಗೂ ಒಂದೊಂದು ಸರದಿ ಬಂದರೆ ಒಂದು ಸುತ್ತು) ಉರಿಯುತ್ತದೆ. ಆ ಜಾಗಕ್ಕೆ ಕಾಲಿಟ್ಟವರಿಗೆ, ಅಥವಾ ತಮ್ಮ ಸರದಿ ಮುಗಿಯುವಾಗ ಅಲ್ಲಿಯೇ ನಿಂತಿರುವವರಿಗೆ, 5 ಅಂಕದ ಹಾನಿಯಾಗುತ್ತದೆ. ಅಂದರೆ ಕಳ್ಳಿಯ ಸರದಿಯಲ್ಲಿ ಯಾರಿಗೂ ಏನೂ ಆಗುವುದಿಲ್ಲ. ಕಾವಲುಗಾರ ತನ್ನ ಸರದಿಯಲ್ಲಿ ಪಕ್ಕಕ್ಕೆ ಸರಿದುಬಿಟ್ಟರೆ ಬಟ್ಟೆಯ ಅಂಚೂ ಸುಡುವುದಿಲ್ಲ. ಜೊತೆಗೆ, ಚಕಮಕಿ ಪೆಟ್ಟಿಗೆಯಿಂದ ಬೆಂಕಿ ಹಚ್ಚುವುದಕ್ಕೆ ಒಂದು ಆ್ಯಕ್ಷನ್ (ಒಂದು ಸರದಿಯಲ್ಲಿ ಮಾಡಬಹುದಾದ ಒಂದು ಮುಖ್ಯ ಕೆಲಸ) ಬೇಕು, ಎಣ್ಣೆ ಸುರಿಯುವುದಕ್ಕೂ ಒಂದು ಆ್ಯಕ್ಷನ್ ಎಂದು ಎಣಿಸುವುದೇ ನ್ಯಾಯ. ಹಾಗಾಗಿ ವಿಶೇಷ ಕೈಚಳಕವಿಲ್ಲದ ಪಾತ್ರವೊಂದು ಈ ಕೆಲಸವನ್ನು ಮುಗಿಸಲು ಎರಡು ಸರದಿ ಬೇಕು. ಒಂದು ಸುತ್ತು ಎಂದರೆ 6 ಸೆಕೆಂಡು. ಅಷ್ಟು ಹೊತ್ತು ಮರದ ಹಲಗೆಯ ಮೇಲೆ ಎಣ್ಣೆ ಹರಡಿಕೊಂಡು ಬರುತ್ತಿರುತ್ತದೆ, ವಾಸನೆ ಏಳುತ್ತಿರುತ್ತದೆ, ಕಲ್ಲಿಗೆ ಉಕ್ಕು ತಗುಲುವ ಸದ್ದು ಕೇಳುತ್ತದೆ. ಕಳ್ಳಿ ಅದೃಶ್ಯಳು, ನಿಜ. ಆದರೆ ಅದೃಶ್ಯರಾದವರನ್ನೂ ಅವರ ಸದ್ದಿನಿಂದ, ಅವರು ಬಿಟ್ಟ ಗುರುತಿನಿಂದ ಪತ್ತೆ ಹಚ್ಚಬಹುದು ಎಂದು ಪುಸ್ತಕವೇ ಹೇಳುತ್ತದೆ.

ಹೀಗೆ ಬಿಡಿಸಿ ನೋಡಿದರೆ ಅಲ್ಲಿ ಕೇಳಬೇಕಾಗಿದ್ದ ಮೊದಲ ಪ್ರಶ್ನೆ ಬೇರೆಯೇ ಇತ್ತು: ಕಾವಲುಗಾರನಿಗೆ ಇದು ಗೊತ್ತಾಗುತ್ತದೆಯೇ? ಅದಕ್ಕೆ ನಿಯಮ ಸ್ಪಷ್ಟವಾಗಿಯೇ ಇದೆ. ತಂಗಿ ಸ್ಟೆಲ್ತ್ (ಸುಳಿವು ಕೊಡದೆ ಸಾಗುವ ಕೌಶಲ) ದಾಳ ಉರುಳಿಸಬೇಕು, ಅದನ್ನು ಕಾವಲುಗಾರನ ಎಚ್ಚರದ ಅಳತೆಯಾದ ಪ್ಯಾಸಿವ್ ಪರ್ಸೆಪ್ಷನ್‌ಗೆ ಹೋಲಿಸಬೇಕು. 2014ರ ಪುಸ್ತಕಗಳಲ್ಲಿ ಸಾಮಾನ್ಯ ಕಾವಲುಗಾರನಿಗೆ ಅದು 12. ನೀವು ಅರ್ಧ ಗಂಟೆ ಯಾವುದಕ್ಕಾಗಿ ವಾದಿಸಿದಿರಿ ಎಂಬುದನ್ನೂ ಗಮನಿಸಿ. ಅದೇ ಕಾವಲುಗಾರನ ಹಿಟ್ ಪಾಯಿಂಟ್ (ಬೀಳುವ ಮೊದಲು ತಾಳಿಕೊಳ್ಳಬಲ್ಲ ಹಾನಿಯ ಅಳತೆ) 11, ಬೆಂಕಿಯ ಹಾನಿ 5.

ನನ್ನ ಅನುಭವದಲ್ಲಿ ನಿಯಮದ ಜಗಳ ಎಂದು ಕಾಣುವ ಬಹಳಷ್ಟು ಜಗಳಗಳ ಬುಡದಲ್ಲಿ ಇರುವುದು ದೃಶ್ಯದ ಅಸ್ಪಷ್ಟತೆ. ಗೇಮ್ ಮಾಸ್ಟರ್ ಒಂದು ಚಿತ್ರವನ್ನು ಕಾಣುತ್ತಿರುತ್ತಾರೆ, ಆಟಗಾರರು ಇನ್ನೊಂದನ್ನು. ನೀವು ಕಿರಿದಾದ, ಹಲಗೆಗಳು ಕಿರುಗುಟ್ಟುವ ಓಣಿಯನ್ನು ಕಲ್ಪಿಸಿಕೊಂಡಿದ್ದರೆ, ತಂಗಿ ಮಳೆಯ ಸದ್ದಿನಲ್ಲಿ ಬೇರೇನೂ ಕೇಳಿಸದ ತೆರೆದ ಅಂಗಳವನ್ನು ಕಲ್ಪಿಸಿಕೊಂಡಿರುತ್ತಾಳೆ, ಅಣ್ಣನ ಕಣ್ಣಿಗೆ ಪುಸ್ತಕದ ಸಾಲು ಮಾತ್ರ ಕಾಣುತ್ತಿರುತ್ತದೆ. ಮೂವರೂ ಒಂದೇ ಪ್ರಸಂಗದ ಬಗ್ಗೆ ಮಾತನಾಡುತ್ತಿಲ್ಲ. ಆದ್ದರಿಂದ ಸಂದೇಹ ಎದ್ದ ಕೂಡಲೇ ಪುಸ್ತಕಕ್ಕೆ ಕೈ ಹಾಕಬೇಡಿ. ನಿನ್ನ ಪಾತ್ರ ಎಲ್ಲಿ ನಿಂತಿದೆ, ಎಣ್ಣೆಯನ್ನು ಎಷ್ಟು ದೂರದಿಂದ ಸುರಿಯುತ್ತಿದೆ, ಬೆಂಕಿಯನ್ನು ಯಾವುದರಿಂದ ಹಚ್ಚುತ್ತದೆ, ಇದರಿಂದ ನಿನಗೆ ಆಗಬೇಕಾದದ್ದು ಏನು ಎಂದು ಕೇಳಿ. ಈ ಕೊನೆಯ ಪ್ರಶ್ನೆ ಬಹಳ ಮುಖ್ಯವಾದದ್ದು. ತಂಗಿಗೆ ಬೇಕಾಗಿದ್ದದ್ದು ಕಾವಲುಗಾರನನ್ನು ಬಾಗಿಲಿನಿಂದ ಸರಿಸುವುದು ಮಾತ್ರವಾಗಿದ್ದರೆ, ಹಾನಿಯ ಲೆಕ್ಕವನ್ನೇ ಬಿಟ್ಟು ಆತ ಗಾಬರಿಯಿಂದ ನೀರು ತರಲು ಓಡಿದ ಎಂದು ಹೇಳಿ ಆಟವನ್ನು ಮುಂದುವರಿಸಬಹುದಿತ್ತು. ಎಲ್ಲರೂ ಒಂದೇ ಚಿತ್ರವನ್ನು ಕಾಣುವಂತಾದ ಮೇಲೆ ಎಷ್ಟೋ ಸಲ ಯಾವ ನಿಯಮ ಅನ್ವಯಿಸುತ್ತದೆ ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.

ಚಿತ್ರ ಸ್ಪಷ್ಟವಾದ ಮೇಲೂ ಸಂದೇಹ ಉಳಿದರೆ ಪುಸ್ತಕ ನೋಡುವುದು ಸರಿ, ಆದರೆ ಒಂದೆರಡು ನಿಮಿಷ ಮಾತ್ರ. ಸರದಿ ದೂರವಿರುವ ಆಟಗಾರರೊಬ್ಬರಿಗೆ ಹುಡುಕುವ ಕೆಲಸ ಕೊಡಿ; ಪುಸ್ತಕ ಬಲ್ಲ ಅಣ್ಣನಿಗಿಂತ ಅದಕ್ಕೆ ತಕ್ಕವರು ಯಾರಿದ್ದಾರೆ? ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವುದರಿಂದ ಅಂತರ್ಜಾಲದಲ್ಲಿ ಹುಡುಕುವ ಅಭ್ಯಾಸವನ್ನು ನೆಚ್ಚಿಕೊಳ್ಳದಿರುವುದು ಒಳ್ಳೆಯದು. ಹುಡುಕುವಾಗ ಎರಡು ಸಂಗತಿ ನೆನಪಿರಲಿ. ವಿಶೇಷ ನಿಯಮವು ಸಾಮಾನ್ಯ ನಿಯಮವನ್ನು ಮೀರುತ್ತದೆ ಎಂದು ಕೈಪಿಡಿಯ ಪೀಠಿಕೆಯಲ್ಲೇ ಇದೆ. ಎರಡು ನಿಯಮಗಳು ಡಿಕ್ಕಿ ಹೊಡೆದಂತೆ ಕಂಡಾಗ ಅನೇಕ ವೇಳೆ ಇದೊಂದೇ ಸೂತ್ರ ಸಾಕಾಗುತ್ತದೆ. ಇನ್ನೊಂದು, ಆ ನಿಯಮದ ನೆರೆಯಲ್ಲಿ ಏನಿದೆ ಎಂದು ನೋಡುವುದು.

ನೆರೆಯ ನಿಯಮವನ್ನು ನೋಡುವುದರಿಂದ ಆಗುವ ಉಪಕಾರವನ್ನು ನಿಮ್ಮ ಪ್ರಸಂಗದಲ್ಲೇ ತೋರಿಸುತ್ತೇನೆ. ಸಾಮಾನ್ಯ ಅದೃಶ್ಯ ಮಂತ್ರ ಎರಡನೆಯ ಹಂತದ್ದು, ಮಂತ್ರ ಹಾಕಿದವರ ಏಕಾಗ್ರತೆ ಕೆಡದಿದ್ದರೆ ಒಂದು ಗಂಟೆಯವರೆಗೆ ಇರುತ್ತದೆ. ಅದರ ಹಿರಿಯ ರೂಪ ನಾಲ್ಕನೆಯ ಹಂತದ್ದು. ದಾಳಿ ಮಾಡಿದರೂ ಅದು ಮುರಿಯುವುದಿಲ್ಲ, ಆದರೆ ಒಂದೇ ನಿಮಿಷ ಇರುತ್ತದೆ. ಕಣ್ಣಿಗೆ ಬೀಳದೆ ಹೊಡೆದಾಡುವುದಕ್ಕೆ ಆಟವು ಎಷ್ಟು ಬೆಲೆ ಕಟ್ಟಿದೆ ಎಂಬುದು ಇದರಿಂದ ತಿಳಿಯುತ್ತದೆ. ಎರಡನೆಯ ಹಂತದ ಮಂತ್ರದಿಂದ ಒಂದು ಗಂಟೆ ಕಾಲ ಮನಬಂದಂತೆ ಜನರನ್ನು ಸುಡುತ್ತಾ ತಿರುಗಬಹುದು ಎಂದು ಅರ್ಥ ಮಾಡಿದರೆ ನಾಲ್ಕನೆಯ ಹಂತದ ಮಂತ್ರವನ್ನು ಕಲಿಯುವವರೇ ಇರುವುದಿಲ್ಲ. ಆದುದರಿಂದ ಬರೆದ ಅಕ್ಷರ ನಿಮ್ಮ ಕಡೆ ಇದ್ದರೂ ಬರೆದವರ ಉದ್ದೇಶ ಅಣ್ಣನ ಕಡೆ ಸ್ವಲ್ಪ ವಾಲುತ್ತದೆ, ಮತ್ತು 2024ರ ಪರಿಷ್ಕರಣೆ ಅದೇ ದಿಕ್ಕಿಗೆ ಹೋಗಿದೆ. 2019ರಲ್ಲಿ ಬಂದ ಪಾತ್‌ಫೈಂಡರ್ (ಇದೇ ಬಗೆಯ ಇನ್ನೊಂದು ಆಟ) ಎರಡನೆಯ ಆವೃತ್ತಿಯ ಪುಸ್ತಕ ಇಂಥ ಸಂದರ್ಭಕ್ಕೆಂದೇ ಒಂದು ಸೂಚನೆ ಕೊಟ್ಟಿದೆ: ನಿಯಮಕ್ಕೆ ಹಲವು ಅರ್ಥ ಸಾಧ್ಯವಿದ್ದು ಅವುಗಳಲ್ಲಿ ಒಂದು ನಂಬಲಾಗದಷ್ಟು ಲಾಭದಾಯಕವಾಗಿ ಕಂಡರೆ ಅದು ಸರಿಯಾದ ಅರ್ಥವಾಗಿರಲಾರದು, ನಿಯಮದ ಮಾತು ತೊಡಕು ತಂದರೆ ಗುಂಪಿನವರೊಂದಿಗೆ ಕೂಡಿ ಪರಿಹಾರ ಕಂಡುಕೊಳ್ಳಿ ಎಂಬುದು ಅದರ ಸಾರ. ನೀವು ಬೇರೆ ಆಟ ಆಡುತ್ತಿದ್ದರೂ ಈ ಮಾತನ್ನು ಧಾರಾಳವಾಗಿ ಪಾಲಿಸಬಹುದು.

ಇದರ ಜೊತೆಗೆ ನಾನು ಪ್ರತಿ ಸಲ ಕೇಳಿಕೊಳ್ಳುವ ಒಂದು ಪ್ರಶ್ನೆಯಿದೆ: ಇದೇ ಅನುಕೂಲವನ್ನು ನಾಳೆ ಆಟಗಾರರ ವೈರಿಗೂ ಕೊಡಲು ನಾನು ಸಿದ್ಧನಿದ್ದೇನೆಯೇ? ಅದೃಶ್ಯನಾದ ಗೂಢಚಾರನೊಬ್ಬ ನಿದ್ರಿಸುತ್ತಿರುವ ನಿಮ್ಮ ತಂಗಿಯ ಗುಡಾರದ ಸುತ್ತ ಎಣ್ಣೆ ಸುರಿದು ಬೆಂಕಿ ಹಚ್ಚಿ, ಆಮೇಲೂ ಅದೃಶ್ಯನಾಗಿಯೇ ನಿಂತರೆ ಮೇಜಿನ ಸುತ್ತ ಯಾರೂ ಅನ್ಯಾಯ ಎನ್ನಬಾರದು. ಈ ಪ್ರಶ್ನೆಯನ್ನು ಆಟಗಾರರ ಮುಂದೆ ಬಾಯಿಬಿಟ್ಟು ಕೇಳಿ. ತಮಗೆ ಲಾಭವಾಗುವ ಅರ್ಥಕ್ಕೆ ಅಂಟಿಕೊಂಡಿದ್ದವರೂ ಆಗ ನಿಧಾನವಾಗಿ ಯೋಚಿಸುತ್ತಾರೆ, ಮತ್ತು ತೀರ್ಮಾನ ನಿಮ್ಮೊಬ್ಬರದಾಗಿ ಉಳಿಯುವುದಿಲ್ಲ.

ನಿಯಮ ಪೂರ್ತಿ ಮೌನವಾಗಿರುವ ಸಂದರ್ಭಗಳು ಬೇರೆ. ಎಣ್ಣೆಯ ಬೆಂಕಿ ಎರಡು ಸುತ್ತು ಉರಿಯುತ್ತದೆ ಎಂದು ಪುಸ್ತಕ ಹೇಳಿ ನಿಲ್ಲಿಸುತ್ತದೆ. ಕೆಳಗಿರುವುದು ಮರದ ನೆಲವಾದರೆ ಏನಾಗುತ್ತದೆ ಎಂದು ಹೇಳುವುದಿಲ್ಲ. ಇಲ್ಲಿ ಯಾವ ಪಾತ್ರದ ಕೌಶಲವೂ ಕೆಲಸ ಮಾಡುತ್ತಿಲ್ಲವಾದ್ದರಿಂದ ಪ್ರಪಂಚದ ತರ್ಕದಿಂದಲೇ ತೀರ್ಮಾನಿಸಬೇಕು. ಆಷಾಢದ ಮಳೆಯಲ್ಲಿ ಹಲಗೆಗಳು ತೇವ ಕುಡಿದು ಉಬ್ಬಿರುತ್ತವೆ ಎಂಬುದು ಕೊಡಗಿನವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಕಥೆ ಆ ಋತುವಿನಲ್ಲಿ ನಡೆಯುತ್ತಿದ್ದರೆ ಬೆಂಕಿ ಹಬ್ಬುವುದಿಲ್ಲ ಎಂದುಬಿಡಿ, ಬೇಸಿಗೆಯಾದರೆ ಹಬ್ಬುತ್ತದೆ ಎನ್ನಿ, ಎರಡೂ ಸಾಧ್ಯವೆನಿಸಿದರೆ ದಾಳ ಉರುಳಿಸಿ ಸಮಸಂಖ್ಯೆ ಬಂದರೆ ಹಬ್ಬಿತು ಎಂದು ಮೊದಲೇ ಸಾರಿ ಉರುಳಿಸಿ. ಪಾತ್ರದ ಕೌಶಲದಿಂದ ಫಲ ಬದಲಾಗುವಂತಿದ್ದರೆ, ಉದಾಹರಣೆಗೆ ಒಬ್ಬರು ಕಂಬಳಿ ಎಸೆದು ಬೆಂಕಿ ಆರಿಸಲು ನೋಡಿದರೆ, ಸಾಮರ್ಥ್ಯದ ಪರೀಕ್ಷೆ ಕೇಳಬೇಕು, ಅಂದರೆ ದಾಳದ ಅಂಕಿಗೆ ಪಾತ್ರದ ಸಾಮರ್ಥ್ಯದ ಅಂಕ ಕೂಡಿಸಿ ನೋಡಬೇಕು. ಕಷ್ಟದ ಮಟ್ಟವನ್ನು ಸೂಚಿಸುವ ಡಿಸಿ ಸುಲಭದ ಕೆಲಸಕ್ಕೆ 10, ಮಧ್ಯಮಕ್ಕೆ 15, ಕಠಿಣಕ್ಕೆ 20 ಎಂಬುದು ಪುಸ್ತಕದ ಅಳತೆ. ಈ ಮೂರು ಅಂಕಿಗಳು ನಾಲಿಗೆಯ ತುದಿಯಲ್ಲಿದ್ದರೆ ಮುಕ್ಕಾಲು ಪಾಲು ಆಟವನ್ನು ಪುಸ್ತಕ ತೆರೆಯದೆ ನಡೆಸಬಹುದು. ಉಪಾಯ ಚೆನ್ನಾಗಿದೆ ಎನಿಸಿದರೆ ಡಿಸಿ ಬದಲಿಸುವುದಕ್ಕಿಂತ ಅಡ್ವಾಂಟೇಜ್ ಕೊಟ್ಟು ಎರಡು ದಾಳ ಉರುಳಿಸಿ ದೊಡ್ಡ ಅಂಕಿಯನ್ನು ತೆಗೆದುಕೊಳ್ಳಲು ಬಿಡಿ. ಅದರ ಪರಿಣಾಮ ಎಷ್ಟು ದೊಡ್ಡದು ಎಂಬುದು ಹೊಸಬರಿಗೆ ಅಂದಾಜಾಗುವುದಿಲ್ಲ: ಇಪ್ಪತ್ತು ಮುಖದ ದಾಳದ ಅಂಕಿಗೆ 5 ಕೂಡಿಸಿಕೊಳ್ಳುವ ಪಾತ್ರ ಡಿಸಿ 15ನ್ನು ಮುಟ್ಟುವ ಅಥವಾ ದಾಟುವ ಸಾಧ್ಯತೆ ನೂರಕ್ಕೆ 55, ಅಡ್ವಾಂಟೇಜ್ ಕೊಟ್ಟರೆ ಅದು ಸುಮಾರು 80 ಆಗುತ್ತದೆ, ಡಿಸ್‌ಅಡ್ವಾಂಟೇಜ್ ಆದರೆ, ಅಂದರೆ ಎರಡು ದಾಳಗಳಲ್ಲಿ ಚಿಕ್ಕ ಅಂಕಿಯನ್ನು ತೆಗೆದುಕೊಳ್ಳಬೇಕಾದರೆ, ಸುಮಾರು 30ಕ್ಕೆ ಇಳಿಯುತ್ತದೆ. ದಾಳ ಕೈಬಿಡುವ ಮೊದಲೇ ಗೆದ್ದರೆ ಏನಾಗುತ್ತದೆ, ಸೋತರೆ ಏನಾಗುತ್ತದೆ ಎಂದು ಎರಡನ್ನೂ ಹೇಳಿಬಿಡಿ. ಅಂಕಿ ಕಂಡ ಮೇಲೆ ಮಾಡಿದ ನಿಯಮವನ್ನು ಮಕ್ಕಳೂ ನಂಬುವುದಿಲ್ಲ.

ನಿಯಮಗಳಲ್ಲಿ ಇಷ್ಟೊಂದು ಬಿರುಕುಗಳೇಕೆ ಎಂದು ನಿಮಗೆ ಅನಿಸಿರಬಹುದು. ಈ ಆಟದ ವಂಶಾವಳಿಯನ್ನು ನೋಡಿದರೆ ಬೇಸರ ಕಡಿಮೆಯಾಗುತ್ತದೆ. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಜ್ ಪ್ರಕಟಿಸಿದ ಯುದ್ಧದಾಟದಲ್ಲಿ ದಾಳಗಳಿದ್ದವು, ಕೋಷ್ಟಕಗಳಿದ್ದವು, ಎರಡೂ ಪಕ್ಷಗಳ ನಡುವೆ ಒಬ್ಬ ತೀರ್ಪುಗಾರನಿದ್ದ. ಕೋಷ್ಟಕಗಳ ಭಾರ ಹೆಚ್ಚಾಯಿತು ಎನಿಸಿದಾಗ, 1876ರಲ್ಲಿ ವೆರ್ಡಿ ಡು ವೆರ್ನ್ವಾ ಎಂಬ ಇನ್ನೊಬ್ಬ ಪ್ರಷ್ಯನ್ ಅಧಿಕಾರಿ ಬಹುತೇಕ ನಿಯಮಗಳನ್ನೇ ಬದಿಗಿಟ್ಟು ಅನುಭವಿ ತೀರ್ಪುಗಾರನ ವಿವೇಚನೆಗೆ ಆಟವನ್ನು ಒಪ್ಪಿಸಿದ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದದ್ದು ಯುದ್ಧದಾಟಗಳ ಇದೇ ಪರಂಪರೆಯಿಂದ. ಆ ಮೂರು ಚಿಕ್ಕ ಪುಸ್ತಿಕೆಗಳು ಎಷ್ಟೋ ಸಂಗತಿಗಳನ್ನು ತೀರ್ಪುಗಾರರಿಗೇ ಬಿಟ್ಟಿದ್ದವು. ಆಟಗಾರರು ಏನು ಬೇಕಾದರೂ ಪ್ರಯತ್ನಿಸಬಹುದು ಎಂಬ ಸ್ವಾತಂತ್ರ್ಯ ಇರುವವರೆಗೆ ಯಾವ ಪುಸ್ತಕವೂ ಎಲ್ಲವನ್ನೂ ಮೊದಲೇ ಹೇಳಿ ಮುಗಿಸಲಾರದು, ಮತ್ತು ಗೇಮ್ ಮಾಸ್ಟರ್ ಎಂಬ ಸ್ಥಾನ ಇರುವುದೇ ಆ ಕಾರಣಕ್ಕೆ. ನೀವು ತೀರ್ಪು ಕೊಟ್ಟಾಗ ಪುಸ್ತಕಕ್ಕೆ ಅಪಚಾರ ಮಾಡುತ್ತಿಲ್ಲ, ಪುಸ್ತಕ ನಿಮಗೆ ಬಿಟ್ಟ ಕೆಲಸವನ್ನು ಮಾಡುತ್ತಿದ್ದೀರಿ.

ಈಗ ಅಣ್ಣನ ವಿಷಯ. ಇದು ನಿಮ್ಮ ಪ್ರಶ್ನೆಯ ಅತ್ಯಂತ ನಾಜೂಕಾದ ಭಾಗ ಎಂದು ನನಗೆ ತೋರುತ್ತದೆ, ಏಕೆಂದರೆ ನಮ್ಮ ಮನೆಗಳಲ್ಲಿ ಹಿರಿಯರ ಮಾತಿಗೆ ಎದುರಾಡುವುದು ರೂಢಿಯಿಲ್ಲ, ಅದರಲ್ಲೂ ಅಜ್ಜನ ಮನೆಯ ಜಗಲಿಯಲ್ಲಿ, ದೊಡ್ಡವರು ಕೇಳಿಸಿಕೊಳ್ಳುತ್ತಿರುವಾಗ. ಆದರೂ ಆಟದ ಹೊತ್ತಿನಲ್ಲಿ ತೀರ್ಮಾನ ಗೇಮ್ ಮಾಸ್ಟರ್‌ನದೇ ಆಗಬೇಕು. ವಯಸ್ಸಿನಿಂದಲೋ ಪುಸ್ತಕದ ಪರಿಚಯದಿಂದಲೋ ತೀರ್ಮಾನ ಬೇರೆಯವರ ಕೈಗೆ ಹೋದರೆ ಚಿಕ್ಕವರು ಮುಂದಿನ ಸಲ ಉಪಾಯ ಹೂಡುವ ಮೊದಲು ಅಣ್ಣನ ಮುಖ ನೋಡುತ್ತಾರೆ, ಆಟ ಅಲ್ಲಿಗೆ ಸೊರಗುತ್ತದೆ. ಗೌರವಕ್ಕೆ ಕುಂದು ಬಾರದಂತೆ ಇದನ್ನು ಹೇಳಲು ಸಾಧ್ಯವಿದೆ. “ಅಣ್ಣ, ನೀನು ತೋರಿಸಿದ ಸಾಲು ನನಗೂ ಕಾಣುತ್ತಿದೆ, ನಿನ್ನ ಮಾತಿನಲ್ಲಿ ಹುರುಳಿದೆ. ಇವತ್ತಿಗೆ ಮಂತ್ರ ಉಳಿಯಿತು ಅಂತ ಆಡೋಣ, ಆಟ ಮುಗಿದ ಮೇಲೆ ನಾವಿಬ್ಬರೂ ಕೂತು ನೋಡೋಣ.” ಈ ಮಾತಿನಲ್ಲಿ ಅವರ ವಾದವನ್ನು ಕೇಳಿಸಿಕೊಂಡದ್ದೂ ಇದೆ, ತೀರ್ಪೂ ಇದೆ, ಅದು ಆ ದಿನಕ್ಕೆ ಮಾತ್ರ ಎಂಬ ಭರವಸೆಯೂ ಇದೆ. ಮೂರರಲ್ಲಿ ಒಂದನ್ನು ಬಿಟ್ಟರೂ ಮಾತು ಕೆಡುತ್ತದೆ. ಪುಸ್ತಕ ಬಲ್ಲ ಆಟಗಾರರು ಗುಂಪಿಗೆ ಆಸ್ತಿ. ಯಾವ ಪುಟದಲ್ಲಿ ಏನಿದೆ ಎಂದು ಹೇಳುವ ಅಧಿಕಾರವನ್ನು ಅವರಿಗೆ ತುಂಬು ಮನಸ್ಸಿನಿಂದ ಕೊಡಿ, ಅದನ್ನು ಈ ದೃಶ್ಯಕ್ಕೆ ಹೇಗೆ ಅನ್ವಯಿಸಬೇಕೆಂಬುದನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ.

ನಾನಾಗಿದ್ದರೆ ಆ ಸಂಜೆ ಏನು ತೀರ್ಪು ಕೊಡುತ್ತಿದ್ದೆ ಎಂದು ನೀವು ಕೇಳಬಹುದು. ಎಣ್ಣೆ ಸುರಿಯುವುದು ಒಂದು ಸರದಿ, ಹಚ್ಚುವುದು ಇನ್ನೊಂದು. ನಡುವೆ ಸ್ಟೆಲ್ತ್ ದಾಳ. ಕಾವಲುಗಾರನಿಗೆ ತಿಳಿಯದಿದ್ದರೆ ಬೆಂಕಿ ಹತ್ತಿತು, ಮಂತ್ರ ಮುರಿಯಲಿಲ್ಲ. ಬೆಂಕಿ ತಾನಾಗಿ ಉರಿಯುತ್ತಾ ತಡವಾಗಿ ಸುಡುವುದರಿಂದ ಅದನ್ನು ಕಳ್ಳಿಯ ಕೈಯ ಏಟು ಎಂದು ಎಣಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಆದರೆ ಎಣ್ಣೆಯನ್ನು ನೇರವಾಗಿ ಕಾವಲುಗಾರನ ಮೈಮೇಲೆ ಎರಚಿದರೆ ಅದಕ್ಕೆ ದಾಳಿಯ ದಾಳ ಬೇಕು, ಮಂತ್ರ ಮುರಿಯುತ್ತದೆ. ಈ ಗೆರೆಯನ್ನು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದೆ, ಮುಂದಿನ ಸಲ ಅದೇ ಗೆರೆಯನ್ನು ಪಾಲಿಸುತ್ತಿದ್ದೆ.

ಅದನ್ನು ಪಾಲಿಸಬೇಕಾದರೆ ಬರೆದಿಡಬೇಕು. ಚಿಕ್ಕ ನೋಟ್‌ಬುಕ್ ಒಂದನ್ನು ಇದಕ್ಕೆಂದೇ ಮೀಸಲಿಡಿ. ಕೊಟ್ಟ ತೀರ್ಪನ್ನು ಒಂದೇ ಸಾಲಿನಲ್ಲಿ, ಪಕ್ಕದಲ್ಲಿ ಪುಸ್ತಕದ ಪುಟಸಂಖ್ಯೆಯೊಂದಿಗೆ ಬರೆಯಿರಿ. ಆಟ ಮುಗಿದು ಕಾಫಿ ಕುಡಿಯುವ ಹೊತ್ತಿನಲ್ಲಿ ಆ ಸಾಲುಗಳನ್ನು ಓದಿ, ಆಕ್ಷೇಪ ಇದ್ದವರು ಆಗ ಹೇಳಲಿ. ಆಟ ತಯಾರಿಸಿದವರು ಪ್ರಕಟಿಸಿದ ಅಧಿಕೃತ ವಿವರಣೆಗಳಿದ್ದರೆ ಆಗ ನಿಧಾನವಾಗಿ ನೋಡಬಹುದು. ಅವು ಸಲಹೆಗೆ ಉತ್ತಮ, ಆದರೆ ನಿಮ್ಮ ಮನೆಯ ಆಟ ಅವುಗಳಿಗೆ ಬದ್ಧವಾಗಿರಬೇಕಿಲ್ಲ. ತೀರ್ಪು ಬದಲಾದರೆ ಬದಲಾವಣೆ ಮುಂದಿನ ಆಟದಿಂದ ಜಾರಿಗೆ ಬರಬೇಕು. ನಡೆದುಹೋದ ಘಟನೆಯನ್ನು ಹಿಂದಕ್ಕೆ ತಿರುಗಿಸಬೇಡಿ; ಸುಟ್ಟ ಕಾವಲುಗಾರ ಸುಟ್ಟವನೇ.

ಒಂದು ಅಪವಾದವಿದೆ. ಅಸ್ಪಷ್ಟ ನಿಯಮದ ಮೇಲೆ ಆಟಗಾರರೊಬ್ಬರ ಪಾತ್ರದ ಸಾವು ಬದುಕು ನಿಂತಿದ್ದರೆ ಒಂದೆರಡು ನಿಮಿಷದ ಮಿತಿಯನ್ನು ಮರೆತುಬಿಡಿ. ಆಟವನ್ನು ನಿಲ್ಲಿಸಿ, ಪುಸ್ತಕವನ್ನು ಸಮಾಧಾನವಾಗಿ ಓದಿ, ಎಲ್ಲರ ಮಾತನ್ನೂ ಕೇಳಿ. ಆಮೇಲೂ ತಕ್ಕಡಿ ಸಮವಾಗಿದ್ದರೆ ಪಾತ್ರ ಬದುಕುವ ಅರ್ಥವನ್ನೇ ಆರಿಸಿ. ತಿಂಗಳುಗಟ್ಟಲೆ ಸಾಕಿದ ಪಾತ್ರವನ್ನು ಅರೆಮನಸ್ಸಿನ ತೀರ್ಪಿನಿಂದ ಕಳೆದುಕೊಂಡ ಹುಡುಗನೋ ಹುಡುಗಿಯೋ ಮತ್ತೆ ಆಟಕ್ಕೆ ಬಂದು ಕೂರುವುದು ಕಷ್ಟ.

ಕೊನೆಯದಾಗಿ, ಎರಡು ಪುಸ್ತಕಗಳ ತೊಡಕು. ಈಗ ನಡೆಯುತ್ತಿರುವ ಕಥೆ ಮುಗಿಯುವವರೆಗೆ ನಿಮ್ಮ 2014ರ ಅಚ್ಚಿನ ಪುಸ್ತಕವನ್ನೇ ಇಟ್ಟುಕೊಳ್ಳಿ. ಕರೆಂಟ್ ಹೋದಾಗ ಮೇಣದಬತ್ತಿಯ ಬೆಳಕಿನಲ್ಲೂ ಅದನ್ನು ಓದಬಹುದು. ಹೊಸ ಕಥೆಗೆ ಹೊಸ ಪುಸ್ತಕ ಬೇಕೆಂದು ಎಲ್ಲರೂ ಒಪ್ಪಿದರೆ ಅದರಲ್ಲಿ ಬದಲಾದ ಮಂತ್ರಗಳನ್ನೂ ನಿಯಮಗಳನ್ನೂ ಮೊದಲೇ ಓದಿ ಹೇಳುವ ಹೊಣೆಯನ್ನು ಅಣ್ಣನಿಗೆ ವಹಿಸಿ. ಬದಲಾವಣೆಯಿಂದ ಯಾರದಾದರೂ ಪಾತ್ರ ಬಡವಾದರೆ, ಅವರು ಆರಿಸಿಕೊಂಡಿದ್ದ ಮಂತ್ರವನ್ನೋ ಕೌಶಲವನ್ನೋ ಮೊದಲ ದಿನವೇ ಬದಲಾಯಿಸಿಕೊಳ್ಳಲು ಬಿಡಿ.